ಬಡಾವಣೆಗೆ ಶಾಲೆ ಬರುವಾಗ ನಿವಾಸಿಗಳ ಸಂಘ ಏನು ಮಾಡಬೇಕು? ಒಂದು ಸಮಗ್ರ ಮಾರ್ಗದರ್ಶಿ

ಖಾಲಿ ಜಾಗದ ಸುತ್ತ ತಗಡಿನ ಶೀಟು ಎದ್ದು, ಕೊಳವೆಬಾವಿ ಕೊರೆಯುವ ಲಾರಿ ಬಂದು ನಿಂತ ದಿನ ಬಡಾವಣೆಯಲ್ಲಿ ‘ಇಲ್ಲಿ ಶಾಲೆಯಂತೆ’ ಎಂಬ ಮಾತು ಹರಡುತ್ತದೆ. ಸಂಜೆಯ ಹೊತ್ತಿಗೆ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಪಕ್ಷಗಳಾಗಿರುತ್ತವೆ. ಚಿಕ್ಕ ಮಕ್ಕಳಿರುವವರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಶಾಲೆ ಬಂತೆಂಬ ನೆಮ್ಮದಿ, ನಿವೃತ್ತರಿಗೆ ಬೆಳಗಿನ ವಾಹನಗಳ ಭಯ. ಎರಡೂ ನ್ಯಾಯವೇ. ಬೆಂಗಳೂರಿನಲ್ಲಿ ಇಂಥ ಸಂದರ್ಭದಲ್ಲಿ ಸಂಘವೊಂದು ದುಡುಕದೆ, ತಡವೂ ಮಾಡದೆ ನಡೆದುಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ‘ಶಾಲೆ ಬೇಡ’ ಎಂಬ ಒಂದೇ ಸಾಲಿನ ಮನವಿಗೆ ಯಾವ ಕಚೇರಿಯಲ್ಲೂ ಬೆಲೆ ಸಿಗುವುದಿಲ್ಲ, ಸಿಗಬೇಕೂ ಇಲ್ಲ. ದಾಖಲೆಯ ಮೇಲೆ ನಿಂತ, ಅಳತೆಗಳಿರುವ, ಕೊನೆಯಲ್ಲಿ ಏನು ಬದಲಾಗಬೇಕೆಂದು ಸ್ಪಷ್ಟವಾಗಿ ಕೇಳುವ ಆಕ್ಷೇಪಣೆಯನ್ನು ಮಾತ್ರ ಅಧಿಕಾರಿ ಕಡತದಲ್ಲಿ ಎದುರಿಸಲೇಬೇಕಾಗುತ್ತದೆ.

ಆ ಜಾಗ ಯಾವುದಕ್ಕೆ ಮೀಸಲು?

ಉಳಿದೆಲ್ಲ ಹೆಜ್ಜೆಗಳೂ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿವೆ. ಬಡಾವಣೆಯ ಮಂಜೂರಾದ ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಯಾದರೆ ಬಿಡಿಎಯಲ್ಲಿ, ಗೃಹ ನಿರ್ಮಾಣ ಸಹಕಾರ ಸಂಘದ ಬಡಾವಣೆಯಾದರೆ ಸಹಕಾರ ಸಂಘದಲ್ಲೂ ಅದಕ್ಕೆ ಮಂಜೂರಾತಿ ಕೊಟ್ಟ ಪ್ರಾಧಿಕಾರದಲ್ಲೂ ಅದು ಸಿಗಬೇಕು. ಸರ್ವೆ ನಂಬರ್ ತಿಳಿಯಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಸಾಕು. ಜಾಗದಲ್ಲಿ ನಿಂತು ತೆರೆದರೆ ನಂಬರ್ ತೋರಿಸುತ್ತದೆ. ಹಳೆಯ ಗ್ರಾಮ ನಕ್ಷೆಯನ್ನೂ ನೋಡಿ. ರಾಜಕಾಲುವೆ, ಕೆರೆಯಂಗಳ, ಗುಂಡುತೋಪು ಅಲ್ಲಿ ಕಾಣಿಸಿಕೊಂಡರೆ ವಿಷಯದ ಸ್ವರೂಪವೇ ಬದಲಾಗುತ್ತದೆ.

ಸಾಮಾನ್ಯವಾಗಿ ಎದುರಾಗುವುದು ನಾಲ್ಕು ಸನ್ನಿವೇಶಗಳು.

ಮೊದಲನೆಯದು ಸಿಎ ನಿವೇಶನ, ಅಂದರೆ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಜಾಗ. ಇಂಥ ನಿವೇಶನಗಳನ್ನು ಬಿಡಿಎ 1989ರ ಹಂಚಿಕೆ ನಿಯಮಗಳ ಅಡಿಯಲ್ಲಿ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುತ್ತದೆ. ಶಾಲೆಯೂ ನಾಗರಿಕ ಸೌಲಭ್ಯವೇ ಆದ್ದರಿಂದ ‘ಇಲ್ಲಿ ಶಾಲೆ ಬರಲೇಬಾರದು’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಆದರೆ ಹಂಚಿಕೆ ಪತ್ರದಲ್ಲಿ ಯಾವ ಉದ್ದೇಶ ಬರೆದಿದೆ, ಯಾವ ಷರತ್ತುಗಳಿವೆ ಎಂಬುದು ಬಹಳ ಮುಖ್ಯ. ಶಾಲೆಗೆಂದು ಪಡೆದ ಜಾಗದಲ್ಲಿ ಸಮುದಾಯ ಭವನವನ್ನೋ ವಾಣಿಜ್ಯ ಮಳಿಗೆಯನ್ನೋ ನಡೆಸಿದರೆ ಅದು ಷರತ್ತಿನ ಉಲ್ಲಂಘನೆ.

ಎರಡನೆಯದು ಉದ್ಯಾನಕ್ಕೋ ಆಟದ ಮೈದಾನಕ್ಕೋ ಮೀಸಲಾದ ಜಾಗ. ಇಲ್ಲಿ ನಿವಾಸಿಗಳ ಕೈ ಅತ್ಯಂತ ಬಲವಾಗಿದೆ. ಬಿಡಿಎ ಕಾಯ್ದೆ 1976ರ 38-ಎ ಕಲಮಿನ ಪ್ರಕಾರ, ಉದ್ಯಾನ, ಆಟದ ಮೈದಾನ ಮತ್ತು ನಾಗರಿಕ ಸೌಲಭ್ಯಗಳಿಗೆ ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡುವಂತಿಲ್ಲ, ಮಾಡಿದರೆ ಅದು ಅಸಿಂಧು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ ಎಂದು ಹೆಸರಾದ ಆ ವ್ಯಾಜ್ಯದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹಂಚಿಕೆಯನ್ನು ಎತ್ತಿಹಿಡಿಯಲಿಲ್ಲ. ತಮ್ಮ ಬಡಾವಣೆಯ ಉದ್ಯಾನಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಹಕ್ಕು ನಿವಾಸಿಗಳಿಗಿದೆ ಎಂಬುದನ್ನೂ ಒಪ್ಪಿತು. ಆಸ್ಪತ್ರೆ ಕೆಟ್ಟದ್ದೆಂದು ಅಲ್ಲಿ ಯಾರೂ ವಾದಿಸಬೇಕಾಗಿರಲಿಲ್ಲ. ಮೈದಾನದ ಮೇಲೆ ಶಾಲೆ ಎಬ್ಬಿಸುವ ಪ್ರಸ್ತಾವ ಬಂದರೂ ನೀವು ಶಾಲೆಯ ವಿರುದ್ಧ ಒಂದು ಮಾತೂ ಆಡಬೇಕಿಲ್ಲ. ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ 1985ರ ಕಾಯ್ದೆಯೊಂದಿದೆ, ಅದನ್ನೂ ಪತ್ರದಲ್ಲಿ ಉಲ್ಲೇಖಿಸಿ.

ಮೂರನೆಯದು ಖಾಸಗಿ ಜಾಗ. ನಗರದ ಪರಿಷ್ಕೃತ ಮಹಾಯೋಜನೆ 2015ರಲ್ಲಿ ಆ ಜಾಗ ಯಾವ ವಲಯದಲ್ಲಿದೆ, ಅದರ ಮುಂದಿನ ರಸ್ತೆಯ ಅಗಲಕ್ಕೆ ಆ ವಲಯದಲ್ಲಿ ಶಾಲೆಗೆ ಅವಕಾಶವಿದೆಯೇ ಎಂದು ವಲಯ ನಿಯಮಾವಳಿಯಲ್ಲಿ ನೋಡಬೇಕು. ಅವಕಾಶವಿಲ್ಲದಿದ್ದರೆ ಸಂಸ್ಥೆಯವರು ಭೂ ಬಳಕೆ ಬದಲಾವಣೆ ಕೇಳಬೇಕಾಗುತ್ತದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮಿನಂತೆ ಅಂಥ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನಗಳ ಅವಕಾಶ ಕೊಡಬೇಕು. ಆ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬಂದುಹೋಗುತ್ತದೆ. ಪ್ರತಿದಿನ ಪತ್ರಿಕೆ ಓದುವ ಹಿರಿಯರೊಬ್ಬರಿಗೆ ಈ ಕೆಲಸವನ್ನು ಒಪ್ಪಿಸಿ. ಸಂಘದ ಬೇರೆ ಯಾವ ಹುದ್ದೆಗಿಂತಲೂ ಇದು ಉಪಯುಕ್ತ.

ನಾಲ್ಕನೆಯದು ಈಗಿರುವ ಶಾಲೆಯ ವಿಸ್ತರಣೆ. ಎರಡು ಮಹಡಿಯ ಕಟ್ಟಡಕ್ಕೆ ಇನ್ನೆರಡು ಮಹಡಿ ಸೇರುವುದು, ಪ್ರಾಥಮಿಕ ಶಾಲೆಯ ಜೊತೆಗೆ ಪಿಯು ಕಾಲೇಜು ಬರುವುದು, ಪಕ್ಕದ ಮನೆ ಕೊಂಡು ಗೋಡೆ ಒಡೆಯುವುದು ಇಂಥವು. ವಲಯದಲ್ಲಿ ಅವಕಾಶವಿದ್ದರೆ ನಕ್ಷೆ ಮಂಜೂರಾತಿಗೆ ಸಾರ್ವಜನಿಕ ಆಕ್ಷೇಪಣೆ ಕರೆಯುವ ಹಂತ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಸುಳಿವು ಸಿಕ್ಕಿದ ಕೂಡಲೇ ನೀವೇ ಮನವಿ ಕೊಡಬೇಕು.

ಕಾಗದ ತರಿಸಿಕೊಳ್ಳುವುದು

ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು ಮತ್ತು 150 ಪದ ಮೀರಬಾರದು. ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಅದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಿದ ಹಿಂಬರಹ ಬಂದುಬಿಡುತ್ತದೆ. ಹಂಚಿಕೆ ಪತ್ರ ಮತ್ತು ಗುತ್ತಿಗೆ ಕರಾರಿಗೆ ಒಂದು ಅರ್ಜಿ, ಮಂಜೂರಾದ ಕಟ್ಟಡ ನಕ್ಷೆಗೆ ಇನ್ನೊಂದು, ಶಾಲೆಯ ನೋಂದಣಿ ಮತ್ತು ಮಾನ್ಯತೆಯ ಅರ್ಜಿಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮತ್ತೊಂದು ಎಂದು ಬಿಡಿಸಿ. ‘ಯಾಕೆ ಅನುಮತಿ ಕೊಟ್ಟಿರಿ’ ಎಂದು ಕೇಳಬೇಡಿ, ‘ಈ ಕಡತದ ಟಿಪ್ಪಣಿ ಪುಟಗಳ ದೃಢೀಕೃತ ಪ್ರತಿ ಕೊಡಿ’ ಎಂದು ಕೇಳಿ. ಕಡತವನ್ನು ಖುದ್ದಾಗಿ ಪರಿಶೀಲಿಸಲು ಅವಕಾಶ ಬೇಕೆಂದೂ ಸೇರಿಸಿ. ಎಷ್ಟೋ ಸಲ ಅರ್ಧ ಗಂಟೆ ಕಡತ ತಿರುವಿದರೆ ತಿಂಗಳ ಪತ್ರವ್ಯವಹಾರಕ್ಕಿಂತ ಹೆಚ್ಚು ತಿಳಿಯುತ್ತದೆ.

ಉತ್ತರಕ್ಕೆ 30 ದಿನ ಹಿಡಿಯಬಹುದು, ಆಕ್ಷೇಪಣೆಗಿರುವುದು 15 ದಿನ. ಆದ್ದರಿಂದ ಮಾಹಿತಿಗಾಗಿ ಕಾಯುತ್ತ ಕೂರಬೇಡಿ. ಕೈಯಲ್ಲಿರುವ ವಿವರದೊಂದಿಗೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಿ, ‘ದಾಖಲೆಗಳನ್ನು ಕೋರಿದ್ದೇವೆ, ದೊರೆತ ನಂತರ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇವೆ’ ಎಂದು ಬರೆಯಿರಿ. ಮಾಹಿತಿ ಬಾರದಿದ್ದರೆ 30 ದಿನಗಳೊಳಗೆ ಅದೇ ಕಚೇರಿಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ, ಆಮೇಲೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು.

ಸಭೆ

ಪದಾಧಿಕಾರಿಗಳು ನಾಲ್ಕು ಜನ ಕೂತು ತೀರ್ಮಾನಿಸಿದ ಪತ್ರವನ್ನು ‘ಇಡೀ ಬಡಾವಣೆಯ ಅಭಿಪ್ರಾಯ’ ಎಂದು ಕೊಡಬೇಡಿ. ಅದು ಸುಳ್ಳು, ಮತ್ತು ಮಗುವಿಗೆ ಸೀಟು ಬೇಕಾದ ಒಬ್ಬ ತಾಯಿ ಎದ್ದು ನಿಂತು ‘ನಮ್ಮನ್ನು ಕೇಳಿಲ್ಲ’ ಎಂದರೆ ಅಲ್ಲಿಗೆ ಮುಗಿಯಿತು. ಸಂಘದ ಉಪವಿಧಿಗಳಲ್ಲಿ ಹೇಳಿರುವಷ್ಟು ದಿನ ಮೊದಲೇ ನೋಟಿಸ್ ಕೊಟ್ಟು ವಿಶೇಷ ಸಾಮಾನ್ಯ ಸಭೆ ಕರೆಯಿರಿ. ಬಾಡಿಗೆದಾರರನ್ನೂ ಕರೆಯಿರಿ, ಮತದಾನದ ಹಕ್ಕು ಇಲ್ಲದಿದ್ದರೂ ಮಾತಾಡುವ ಅವಕಾಶವಿರಲಿ. ಶಾಲೆಯ ಗೇಟು ಬರುವ ಅಡ್ಡರಸ್ತೆಯ ಮನೆಯವರಿಗೆ ಮೊದಲು ಮಾತಾಡಲು ಬಿಡಿ, ತೊಂದರೆಯ ಪಾಲು ಹೆಚ್ಚು ಬರುವುದು ಅವರಿಗೆ.

ಮನೆಯ ಬೆಲೆ ಇಳಿಯುತ್ತದೆ ಎಂಬ ಮಾತು, ‘ಹೊರಗಿನ ಮಕ್ಕಳು’ ಬರುತ್ತಾರೆ ಎಂಬ ಮಾತು ಇಂಥ ಸಭೆಗಳಲ್ಲಿ ಬಂದೇ ಬರುತ್ತದೆ. ಎರಡನ್ನೂ ಅಧ್ಯಕ್ಷರು ಅಲ್ಲೇ ನಿಲ್ಲಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ 2009 ಇರುವುದೇ ಎಲ್ಲ ಮಕ್ಕಳಿಗೂ ನೆರೆಹೊರೆಯಲ್ಲಿ ಶಾಲೆ ಸಿಗಲೆಂದು. ನಮ್ಮ ಮನೆಗಳಲ್ಲಿ ಕೆಲಸ ಮಾಡುವವರ ಮಕ್ಕಳು ನಮ್ಮ ಬೀದಿಯ ಶಾಲೆಗೆ ಬರುವುದು ಆಕ್ಷೇಪಣೆಯ ವಿಷಯವಾಗಬಾರದು. ಅಂಥ ಒಂದು ಸಾಲು ಪತ್ರದಲ್ಲಿ ಸೇರಿದರೆ ಉಳಿದ ನ್ಯಾಯವಾದ ಹತ್ತು ಸಾಲುಗಳೂ ತೂಕ ಕಳೆದುಕೊಳ್ಳುತ್ತವೆ.

ಕೊನೆಗೆ ನಿರ್ಣಯ ಹೀಗಿರಲಿ: ನಾವು ಯಾವುದನ್ನು ವಿರೋಧಿಸುತ್ತೇವೆ, ಯಾವ ಷರತ್ತಿನ ಮೇಲೆ ಒಪ್ಪುತ್ತೇವೆ, ಯಾರು ಸಹಿ ಹಾಕಬಹುದು. ನಡಾವಳಿ ಪುಸ್ತಕದಲ್ಲಿ ಹಾಜರಿದ್ದವರ ಸಹಿ ಬೇಕು. ಮುಂದೆ ನ್ಯಾಯಾಲಯದ ಮಾತು ಬಂದರೆ ವಕೀಲರು ಮೊದಲು ಕೇಳುವುದು ಸಂಘದ ನೋಂದಣಿ ಪತ್ರ ಮತ್ತು ಈ ನಿರ್ಣಯ.

ರಸ್ತೆಯ ಲೆಕ್ಕ

‘ಟ್ರಾಫಿಕ್ ಜಾಸ್ತಿಯಾಗುತ್ತದೆ’ ಎಂದು ಎಲ್ಲರೂ ಬರೆಯುತ್ತಾರೆ. ಲೆಕ್ಕ ಹಾಕಿ ತೋರಿಸುವವರು ಕಡಿಮೆ. ಈ ಭಾಗಕ್ಕೆ ಹೆಚ್ಚು ಶ್ರಮ ಹಾಕಿ.

ಟೇಪು ಹಿಡಿದು ರಸ್ತೆ ಅಳೆಯಿರಿ. ನಕ್ಷೆಯಲ್ಲಿ 30 ಅಡಿ, ಅಂದರೆ ಸುಮಾರು 9 ಮೀಟರ್ ಇರುವ ರಸ್ತೆಯಲ್ಲಿ ಎರಡೂ ಬದಿ ಕಾರು ನಿಂತರೆ ತಲಾ 2 ಮೀಟರ್ ಹೋಗಿ 5 ಮೀಟರ್ ಉಳಿಯುತ್ತದೆ. ಟ್ರಾನ್ಸ್‌ಫಾರ್ಮರ್, ಮರದ ಕಟ್ಟೆ, ಚರಂಡಿಯ ಚಪ್ಪಡಿ ಇರುವಲ್ಲಿ ಇನ್ನೂ ಕಡಿಮೆ. ಆ ಜಾಗಗಳ ಫೋಟೊ ತೆಗೆದು ಅಳತೆ ಬರೆಯಿರಿ. ಬಳಿಕ ಶಾಲೆ ನಡೆಯುವ ವಾರದ ದಿನಗಳಲ್ಲಿ ಬೆಳಿಗ್ಗೆ 7.30ರಿಂದ 9.30ರವರೆಗೆ, ಮಧ್ಯಾಹ್ನ 2.30ರಿಂದ 4.30ರವರೆಗೆ ವಾಹನ ಎಣಿಸಿ. ಕಾರು, ದ್ವಿಚಕ್ರ, ಆಟೊ, ವ್ಯಾನು, ಬಸ್ಸು, ನಡೆದು ಹೋಗುವವರು ಎಂದು ಬೇರೆ ಬೇರೆ ಕಲಂ ಹಾಕಿ, 15 ನಿಮಿಷಕ್ಕೊಮ್ಮೆ ಬರೆಯಿರಿ. ಕಾಲೇಜಿನ ಹುಡುಗರಿಗೆ ಈ ಕೆಲಸ ಕೊಟ್ಟರೆ ಚೊಕ್ಕವಾಗಿ ಮಾಡುತ್ತಾರೆ.

ಮುಂದೆ ಬರಲಿರುವ ವಾಹನಗಳ ಲೆಕ್ಕ. ಉದಾಹರಣೆಗೆ 600 ಮಕ್ಕಳ ಶಾಲೆ ಎಂದುಕೊಳ್ಳಿ, ಅದರಲ್ಲಿ 150 ಮಕ್ಕಳು ಒಬ್ಬೊಬ್ಬರೇ ಕಾರಿನಲ್ಲಿ ಬರುತ್ತಾರೆ ಎಂದುಕೊಳ್ಳಿ. ಎಲ್ಲರೂ ಬರುವುದು ಗಂಟೆ ಬಾರಿಸುವ ಮುಂಚಿನ ಅರ್ಧ ಗಂಟೆಯಲ್ಲಿ, ಅಂದರೆ ನಿಮಿಷಕ್ಕೆ 5 ಕಾರು. ಒಂದು ಕಾರು ನಿಂತು ಮಗುವನ್ನು, ಚೀಲವನ್ನು, ನೀರಿನ ಬಾಟಲಿಯನ್ನು ಇಳಿಸಿ ಹೊರಡಲು ಒಂದು ನಿಮಿಷ ಬೇಕು. ಗೇಟಿನ ಮುಂದೆ ಒಮ್ಮೆಗೆ ಎರಡೇ ಕಾರು ನಿಲ್ಲಲು ಸಾಧ್ಯವಾದರೆ ನಿಮಿಷಕ್ಕೆ 3 ಕಾರು ಹಿಂದೆ ಉಳಿಯುತ್ತದೆ. ಅರ್ಧ ಗಂಟೆಯ ಕೊನೆಗೆ 90 ಕಾರುಗಳ ಸಾಲು. ಕಾರಿಗೆ ಅಂತರವೂ ಸೇರಿ 6 ಮೀಟರ್ ಎಂದರೂ ಅದು 540 ಮೀಟರ್ ಆಗುತ್ತದೆ. ನಿಮ್ಮ ಅಡ್ಡರಸ್ತೆಯ ಉದ್ದ ಎಷ್ಟು? ಸಾಲು ಯಾವ ತಿರುವು ದಾಟಿ, ಯಾವ ಮುಖ್ಯರಸ್ತೆಗೆ ಹೋಗಿ ನಿಲ್ಲುತ್ತದೆ? ನಕ್ಷೆಯ ಮೇಲೆ ಕೆಂಪು ಗೆರೆ ಎಳೆದು ತೋರಿಸಿ.

ಅದೇ ಲೆಕ್ಕ ಪರಿಹಾರವನ್ನೂ ತೋರಿಸುತ್ತದೆ. ಚಿಕ್ಕ ತರಗತಿಗಳೂ ದೊಡ್ಡ ತರಗತಿಗಳೂ 40 ನಿಮಿಷದ ಅಂತರದಲ್ಲಿ ಶುರುವಾದರೆ ಒಂದೊಂದು ಸರದಿಗೆ 75 ಕಾರು. ಎರಡೇ ನಿಲುಗಡೆ ಇದ್ದರೂ ಸಾಲು 15 ಕಾರಿಗೆ, ಅಂದರೆ 90 ಮೀಟರಿಗೆ ಇಳಿಯುತ್ತದೆ. ಆವರಣದ ಒಳಗೆ ಮೂರನೆಯ ನಿಲುಗಡೆ ಮಾಡಿಕೊಟ್ಟರೆ ಸಾಲೇ ಇರುವುದಿಲ್ಲ. ಹೀಗೆ ಬರೆದ ಪತ್ರವನ್ನು ಓದಿದ ನಗರ ಯೋಜನಾಧಿಕಾರಿಗೂ ಸಂಚಾರ ಪೊಲೀಸರಿಗೂ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಪ್ರಸ್ತಾವದಲ್ಲಿರುವ ನಿಜವಾದ ಮಕ್ಕಳ ಸಂಖ್ಯೆ ಸಿಕ್ಕ ಮೇಲೆ ಇದೇ ಕ್ರಮದಲ್ಲಿ ಮರು ಲೆಕ್ಕ ಹಾಕಿ.

ಗೇಟು ಎಲ್ಲಿದೆ ಎಂಬುದನ್ನು ತಪ್ಪದೆ ನೋಡಿ. ಎರಡು ಕಡೆ ರಸ್ತೆ ಇರುವ ಜಾಗದಲ್ಲಿ ವಾಹನಗಳ ಗೇಟು ಅಗಲವಾದ ರಸ್ತೆಗೂ, ನಡೆದು ಬರುವ ಮಕ್ಕಳ ಗೇಟು ಶಾಂತವಾದ ಅಡ್ಡರಸ್ತೆಗೂ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ನಕ್ಷೆಯ ಹಂತದಲ್ಲಿ ಇದು ಒಂದು ಗೆರೆಯ ಬದಲಾವಣೆ, ಕಟ್ಟಡ ಎದ್ದ ಮೇಲೆ ಅಸಾಧ್ಯದ ಮಾತು.

ಮಕ್ಕಳ ಸುರಕ್ಷತೆ, ನೀರು, ಸದ್ದು, ಮರ

ಬೆಂಕಿಯ ವಿಷಯದಲ್ಲಿ ಸಂಘ ಮಕ್ಕಳ ಪರವಾಗಿ ಮಾತಾಡಬೇಕು. 2004ರಲ್ಲಿ ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ದುರಂತದ ಹಿನ್ನೆಲೆಯಲ್ಲಿ ಬಂದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯ ಸುರಕ್ಷತಾ ನಿಯಮ ಪಾಲಿಸಬೇಕೆಂದು ಆದೇಶಿಸಿತು. ಅಗ್ನಿಶಾಮಕ ವಾಹನ ಆ ರಸ್ತೆಯಲ್ಲಿ ತಿರುಗಬಲ್ಲದೇ, ಕಟ್ಟಡದ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಇದೆಯೇ, ಮೆಟ್ಟಿಲು ಎಷ್ಟಿವೆ ಎಂದು ಕೇಳಿ. ವಾಸದ ಮನೆಯೊಂದನ್ನೇ ಬಾಡಿಗೆಗೆ ಹಿಡಿದು ನರ್ಸರಿ ತೆರೆಯುವ ಕಡೆ ಈ ಪ್ರಶ್ನೆಗಳು ಇನ್ನೂ ತುರ್ತು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ, ಕುಡಿಯುವ ನೀರು, ಹುಡುಗ ಹುಡುಗಿಯರಿಗೆ ಬೇರೆ ಶೌಚಾಲಯ, ಅಡೆತಡೆಯಿಲ್ಲದ ಪ್ರವೇಶ ಎಲ್ಲವೂ ಇವೆ. ‘ನಿಮ್ಮ ಬಡಾವಣೆಯ ಪಾರ್ಕೇ ನಮ್ಮ ಮೈದಾನ’ ಎಂದು ನಕ್ಷೆಯಲ್ಲಿ ತೋರಿಸಿದ್ದರೆ ಅದನ್ನು ಒಪ್ಪಬೇಡಿ.

ನೀರಿಗೆ ಜಲಮಂಡಳಿಯ ಸಂಪರ್ಕವೋ ಟ್ಯಾಂಕರೋ ಕೊಳವೆಬಾವಿಯೋ ಎಂದು ವಿಚಾರಿಸಿ. ಮಳೆನೀರು ಸಂಗ್ರಹ ಕಡ್ಡಾಯ. 2024ರ ಬೇಸಿಗೆಯ ನೀರಿನ ಬರವನ್ನು ಕಂಡವರಿಗೆ ಇದರ ಮಹತ್ವ ಹೇಳಬೇಕಿಲ್ಲ. ಸದ್ದಿಗೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಮಕ್ಕಳ ಆಟದ ಗದ್ದಲವನ್ನು ದಯವಿಟ್ಟು ದೂರಿನಲ್ಲಿ ಸೇರಿಸಬೇಡಿ, ಧ್ವನಿವರ್ಧಕದ ಬಗ್ಗೆ ಮಾತ್ರ ಬರೆಯಿರಿ. ಮರ ಕಡಿಯುವುದಿದ್ದರೆ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಜಾಗದಲ್ಲಿರುವ ಮರಗಳನ್ನು ಈಗಲೇ ಎಣಿಸಿ, ಜಾತಿ ಬರೆದು, ದಿನಾಂಕ ಸಹಿತ ಫೋಟೊ ಇಟ್ಟುಕೊಳ್ಳಿ.

ಆಕ್ಷೇಪಣಾ ಪತ್ರ

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಿವೆ. ಹಳೆಯ ವಿಳಾಸಕ್ಕೆ ಬರೆದರೆ ಪತ್ರ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಪ್ರಕಟಣೆಗೆ ಯಾರು ಸಹಿ ಹಾಕಿದ್ದಾರೋ ಅವರಿಗೇ ಬರೆಯಿರಿ. ನಿಮ್ಮ ಪಾಲಿಕೆಯ ಆಯುಕ್ತರಿಗೆ, ನಗರ ಯೋಜನೆ ವಿಭಾಗಕ್ಕೆ, ಸಂಚಾರ ಠಾಣೆಗೆ, ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಶಾಸಕರಿಗೆ ಪ್ರತಿ ಕಳುಹಿಸಿ. ಎರಡು ಪುಟ ಸಾಕು, ಉಳಿದದ್ದು ಅನುಬಂಧ. ಒಕ್ಕಣೆ ಹೀಗಿರಬಹುದು:

‘ಮೇಲ್ಕಂಡ ಪ್ರಕಟಣೆಗೆ ಸಂಬಂಧಿಸಿದಂತೆ ನಮ್ಮ ಸಂಘವು ವಿಶೇಷ ಸಾಮಾನ್ಯ ಸಭೆಯ ನಿರ್ಣಯದನ್ವಯ ಈ ಆಕ್ಷೇಪಣೆ ಸಲ್ಲಿಸುತ್ತಿದೆ. ಬಡಾವಣೆಯಲ್ಲಿ ಶಾಲೆ ಇರುವುದಕ್ಕೆ ನಮ್ಮ ವಿರೋಧವಿಲ್ಲ. ಪ್ರಸ್ತಾಪಿತ ಜಾಗದ ಮುಂದಿನ ರಸ್ತೆಯ ಅಗಲವು ಅನುಬಂಧ 1ರಲ್ಲಿ ತೋರಿಸಿದಂತಿದ್ದು, ಅನುಬಂಧ 2ರ ವಾಹನ ಗಣತಿಯಂತೆ ಬೆಳಗಿನ ಅವಧಿಯಲ್ಲಿ ಹೆಚ್ಚುವರಿ ಹೊರೆಯನ್ನು ತಾಳಲಾರದು. ಆದ್ದರಿಂದ, ವಾಹನಗಳ ಪ್ರವೇಶವನ್ನು ಮುಖ್ಯರಸ್ತೆಯಿಂದ ಮಾತ್ರ ನೀಡುವುದು, ಮಕ್ಕಳನ್ನು ಇಳಿಸುವ ವ್ಯವಸ್ಥೆಯನ್ನು ಆವರಣದೊಳಗೇ ಕಲ್ಪಿಸುವುದು ಮತ್ತು ತರಗತಿಗಳ ಆರಂಭದ ಸಮಯವನ್ನು ಬೇರ್ಪಡಿಸುವುದು, ಇವುಗಳನ್ನು ಅನುಮತಿಯ ಷರತ್ತುಗಳನ್ನಾಗಿ ವಿಧಿಸಬೇಕು. ಹಾಗೆ ವಿಧಿಸಲಾಗದಿದ್ದಲ್ಲಿ ಪ್ರಸ್ತಾವವನ್ನು ತಿರಸ್ಕರಿಸಬೇಕೆಂದು ಕೋರುತ್ತೇವೆ. ಆದೇಶಕ್ಕೆ ಮುನ್ನ ಸ್ಥಳ ತನಿಖೆ ನಡೆಸಿ, ನಮಗೆ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಬೇಕು.’

ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಸ್ಪೀಡ್ ಪೋಸ್ಟಿನಲ್ಲೂ ಒಂದು ಪ್ರತಿ ಹೋಗಲಿ. ಒಂದೇ ಪತ್ರವನ್ನು ನೂರು ಮನೆಯವರು ನಕಲು ಮಾಡಿ ಕೊಡುವುದಕ್ಕಿಂತ, ಹತ್ತು ಮನೆಯವರು ತಮ್ಮದೇ ಮಾತಿನಲ್ಲಿ ಬರೆಯುವುದು ಮೇಲು. ಗಾಲಿಕುರ್ಚಿಯಲ್ಲಿ ಓಡಾಡುವ ಅಜ್ಜಿಗೆ ಫುಟ್‌ಪಾತ್ ಏಕೆ ಬೇಕು ಎಂಬುದನ್ನು ಆ ಮನೆಯವರಷ್ಟು ಚೆನ್ನಾಗಿ ಕಾರ್ಯದರ್ಶಿ ಬರೆಯಲಾರರು.

ಶಾಲೆಯವರ ಜೊತೆ ಮಾತುಕತೆ

ಪತ್ರ ಕೊಟ್ಟ ವಾರದಲ್ಲೇ ಆಡಳಿತ ಮಂಡಳಿಯನ್ನು ಭೇಟಿಯಾಗಿ, ಮೂರ್ನಾಲ್ಕು ಜನ ಹೋದರೆ ಸಾಕು. ಮಕ್ಕಳಿರುವ ಒಬ್ಬ ಪೋಷಕರು ಅದರಲ್ಲಿರಲಿ. ನಿಮ್ಮ ಲೆಕ್ಕವನ್ನು ಮುಂದಿಡಿ. ಬಾಯಿಮಾತಿನ ಭರವಸೆ ಪ್ರಾಂಶುಪಾಲರು ಬದಲಾದ ದಿನ ಹೋಗುತ್ತದೆ, ಆದ್ದರಿಂದ ಒಪ್ಪಿದ್ದನ್ನು ಮುಚ್ಚಳಿಕೆಯಾಗಿ ಬರೆಸಿ, ಅದನ್ನೇ ಅನುಮತಿ ಆದೇಶದ ಷರತ್ತಾಗಿ ಸೇರಿಸಲು ಪ್ರಾಧಿಕಾರಕ್ಕೆ ಕೊಡಿ. ಸಂಘಕ್ಕೆ ದೇಣಿಗೆ, ಪದಾಧಿಕಾರಿಗಳ ಮೊಮ್ಮಕ್ಕಳಿಗೆ ಸೀಟು ಎಂಬ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ, ಬಂದದ್ದನ್ನು ನಡಾವಳಿಯಲ್ಲಿ ದಾಖಲಿಸಿ.

ಕಚೇರಿ ಕಿವಿಗೊಡದಿದ್ದರೆ

ಆದೇಶದಲ್ಲಿ ನಿಮ್ಮ ಆಕ್ಷೇಪಣೆಯ ಪ್ರಸ್ತಾಪವೇ ಇಲ್ಲದಿದ್ದರೆ ಅದೇ ನಿಮ್ಮ ಮುಖ್ಯ ಆಧಾರ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಬೇಗ ಹೋಗುವುದು ಮುಖ್ಯ. ಅಡಿಪಾಯ ಹಾಕಿ ಮೂರು ಮಹಡಿ ಎದ್ದ ಮೇಲೆ ಬಂದವರಿಗೆ ತಡೆಯಾಜ್ಞೆ ಸಿಗುವುದು ಕಷ್ಟ. ಸಂಘದ ಜೊತೆಗೆ ನೇರವಾಗಿ ತೊಂದರೆಗೊಳಗಾಗುವ ಇಬ್ಬರು ಮೂವರು ನಿವಾಸಿಗಳೂ ಅರ್ಜಿದಾರರಾಗಲಿ. ವೆಚ್ಚ ಎಷ್ಟು, ಸೋತರೆ ಏನು ಎಂಬುದನ್ನು ಸಾಮಾನ್ಯ ಸಭೆಯ ಮುಂದೆ ಬಿಚ್ಚಿ ಹೇಳಿಯೇ ಹೆಜ್ಜೆ ಇಡಿ. ಉದ್ಯಾನ ಅಥವಾ ಮೈದಾನದ ಜಾಗವಾದರೆ ಹಿಂಜರಿಯದೆ ಹೋಗಿ. ಸಿಎ ನಿವೇಶನದಲ್ಲಿ ನಿಯಮದಂತೆ ಬರುತ್ತಿರುವ ಶಾಲೆಯಾದರೆ ಆ ಹಣವನ್ನು ಫುಟ್‌ಪಾತಿಗೂ ರಸ್ತೆ ದಾಟಿಸುವ ಕಾವಲುಗಾರರಿಗೂ ಖರ್ಚು ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕಟ್ಟಡ ಏಳುವಾಗ, ಎದ್ದ ಮೇಲೆ

ನಿರ್ಮಾಣ ಸ್ಥಳದಲ್ಲಿ ಮಂಜೂರಾತಿಯ ವಿವರ ಪ್ರದರ್ಶಿಸಬೇಕು. ಅದರ ಫೋಟೊ ತೆಗೆದು, ಪ್ರತಿ ಮಹಡಿ ಎದ್ದಾಗ ನಕ್ಷೆಯೊಂದಿಗೆ ಹೋಲಿಸಿ. ಸೆಟ್‌ಬ್ಯಾಕ್ ಒತ್ತುವರಿಯಾದರೆ ಆ ವಾರವೇ ದೂರು ಕೊಡಿ. ಸ್ವಾಧೀನಾನುಭವ ಪತ್ರ (ಕಟ್ಟಡವನ್ನು ಬಳಸಲು ಕೊಡುವ ಒಪ್ಪಿಗೆ) ಸಿಗುವ ಮೊದಲೇ ತರಗತಿ ಶುರುವಾಗುತ್ತಿದ್ದರೆ ಪಾಲಿಕೆಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಒಟ್ಟಿಗೆ ಬರೆಯಿರಿ.

ಶಾಲೆ ತೆರೆಯುವ ಮುಂಚಿನ ತಿಂಗಳು ಸಂಚಾರ ಪೊಲೀಸರನ್ನೂ ಶಾಲೆಯವರನ್ನೂ ಕರೆದು ಗೇಟಿನ ಬಳಿ ನಿಲ್ಲಿಸಿ, ಏಕಮುಖ ಸಂಚಾರ, ನಿಲುಗಡೆ ನಿಷೇಧದ ಫಲಕ, ಜೀಬ್ರಾ ಪಟ್ಟಿ ಎಲ್ಲಿ ಬೇಕೆಂದು ಅಲ್ಲೇ ಗುರುತು ಹಾಕಿಸಿ. ಮೊದಲ ಅವಧಿಯ ಪರೀಕ್ಷೆ ಮುಗಿದ ಮೇಲೆ ಅದೇ ಸಮಯಕ್ಕೆ, ಅದೇ ಕಲಂಗಳಲ್ಲಿ ಮತ್ತೊಮ್ಮೆ ವಾಹನ ಎಣಿಸಿ, ಹಳೆಯ ಗಣತಿಯ ಪಕ್ಕದಲ್ಲಿಟ್ಟು ಶಾಲೆಗೂ ಸಂಚಾರ ಠಾಣೆಗೂ ಒಂದೊಂದು ಪ್ರತಿ ಕೊಡಿ.